ಗಿಡಮೂಲಿಕೆಗಳ ಕರ್ಮ ವರ್ಗೀಕರಣ: ದ್ರವ್ಯಗುಣದ ಅಧ್ಯಯನ ಟಿಪ್ಪಣಿ

ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟಕ್ಕೋ ತುಮಕೂರಿನ ಬಳಿಯ ದೇವರಾಯನದುರ್ಗದ ಕಾಡಿಗೋ ಗಿಡ ಗುರುತಿಸಲು ಹೋಗುವ ವಿದ್ಯಾರ್ಥಿಗಳು ಎಲೆ, ಹೂ, ಕಾಯಿ ನೋಡಿ ಹೆಸರು ಹೇಳುವುದನ್ನು ಬೇಗ ಕಲಿಯುತ್ತಾರೆ. ಆದರೆ ಆ ಗಿಡ ಶರೀರದಲ್ಲಿ ಏನು ಮಾಡುತ್ತದೆ ಎಂದು ಕೇಳಿದರೆ ಉತ್ತರ ರೋಗದ ಹೆಸರಿನಲ್ಲಿ ಬರುತ್ತದೆ: ಆಡುಸೋಗೆ ಕೆಮ್ಮಿಗೆ, ಕೊಡಸಿಗ ಭೇದಿಗೆ, ನೆಗ್ಗಿಲುಮುಳ್ಳು ಮೂತ್ರ ಕಟ್ಟಿದ್ದಕ್ಕೆ. ಈ ಉತ್ತರ ತಪ್ಪಲ್ಲವಾದರೂ ಅರ್ಧ ಮಾತ್ರ. ಆಯುರ್ವೇದದ ಕರ್ಮ ವರ್ಗೀಕರಣವು, ಅಂದರೆ ಔಷಧ ದ್ರವ್ಯಗಳನ್ನು ಅವು ಶರೀರದಲ್ಲಿ ಮಾಡುವ ಕೆಲಸಕ್ಕೆ ತಕ್ಕಂತೆ ವಿಂಗಡಿಸುವ ಕ್ರಮವು, ಯಾವ ಕೆಲಸ ಎಂಬುದರ ಜೊತೆಗೆ ಆ ಕೆಲಸ ನಡೆಯುವ ಬಗೆಯನ್ನೂ ಹೇಳುತ್ತದೆ. ಔಷಧವನ್ನು ಆಯುವಾಗ ಉಪಯೋಗಕ್ಕೆ ಬರುವುದು ಹೆಚ್ಚಾಗಿ ಈ ಎರಡನೆಯ ಭಾಗವೇ.

ಚರಕಸಂಹಿತೆಯ ಸೂತ್ರಸ್ಥಾನದ 4ನೇ ಅಧ್ಯಾಯದಲ್ಲಿ 50 ಮಹಾಕಷಾಯಗಳಿವೆ, ಅಂದರೆ ಒಂದೇ ಕರ್ಮದ ದ್ರವ್ಯಗಳ ಗುಂಪುಗಳಿವೆ. ದೀಪನೀಯ (ಜೀರ್ಣಶಕ್ತಿಯನ್ನು ಹೆಚ್ಚಿಸುವುದು), ಕಾಸಹರ (ಕೆಮ್ಮು ಕಳೆಯುವುದು), ಮೂತ್ರವಿರೇಚನೀಯ (ಮೂತ್ರ ಇಳಿಸುವುದು) ಎಂಬಂತೆ ಪ್ರತಿ ಗುಂಪಿಗೂ ಕರ್ಮದ ಹೆಸರು, ಪ್ರತಿ ಗುಂಪಿನಲ್ಲಿಯೂ ಹತ್ತು ದ್ರವ್ಯಗಳು, ಒಟ್ಟು 500. ಸುಶ್ರುತನು 37 ಗಣಗಳನ್ನೂ ವಾಗ್ಭಟನು ಅಷ್ಟಾಂಗಹೃದಯದಲ್ಲಿ 33 ಗಣಗಳನ್ನೂ ಹೇಳಿದ್ದು, ಅಲ್ಲಿ ಬಹುತೇಕ ಗಣಗಳಿಗೆ ಮೊದಲ ದ್ರವ್ಯದ ಹೆಸರಿದೆ, ಕರ್ಮ ಆಮೇಲೆ ಬರುತ್ತದೆ. ಚರಕನ 500ರ ಲೆಕ್ಕವನ್ನು ಪ್ರಶ್ನಿಸುವವನು ಅದೇ ಗ್ರಂಥದಲ್ಲಿ ಬರುವ ಶಿಷ್ಯ ಅಗ್ನಿವೇಶನೇ. ಹಿಪ್ಪಲಿಯಂತಹ ದ್ರವ್ಯಗಳು ಹಲವು ಗುಂಪುಗಳಲ್ಲಿ ಮತ್ತೆ ಮತ್ತೆ ಬರುವಾಗ 500 ಹೇಗೆ ತುಂಬೀತು ಎಂದು ಅವನು ಕೇಳುತ್ತಾನೆ. ಹಲವು ಕೆಲಸಗಳನ್ನು ಬಲ್ಲ ಒಬ್ಬನೇ ಮನುಷ್ಯನು ತಾನು ಮಾಡುವ ಕೆಲಸಕ್ಕೆ ತಕ್ಕಂತೆ ಬೇರೆ ಬೇರೆ ಹೆಸರು ಪಡೆಯುವ ಹಾಗೆ ದ್ರವ್ಯವೂ ಪಡೆಯುತ್ತದೆ ಎಂಬುದು ಅವನ ಗುರು ಆತ್ರೇಯನ ಉತ್ತರ. ಆದ್ದರಿಂದ ಒಂದು ಗಿಡವನ್ನು ಒಂದೇ ಗುಂಪಿಗೆ ಸೇರಿಸಿ ಕಂಠಪಾಠ ಮಾಡುವ ಅಭ್ಯಾಸವನ್ನು ನಾವು ಆರಂಭದಲ್ಲಿಯೇ ಬಿಡಬೇಕು.

ಪಟ್ಟಿಯಲ್ಲಿ ಹೆಸರಿಲ್ಲದ ಗಿಡಕ್ಕೆ ಆ ಕರ್ಮವಿಲ್ಲ ಎಂದು ತಿಳಿಯುವುದೂ ಸಲ್ಲದು. ಕಾಸಹರದ ಹತ್ತರಲ್ಲಿ ನೆಲನೆಲ್ಲಿ ಇದೆ, ಆಡುಸೋಗೆ ಇಲ್ಲ. ಆದರೆ ಆಡುಸೋಗೆ ಕೆಮ್ಮಿಗೆ ಎಷ್ಟು ಪ್ರಸಿದ್ಧವೆಂದರೆ ಅದರಲ್ಲಿರುವ ವ್ಯಾಸಿಸಿನ್ ಎಂಬ ಸತ್ವದ ಜಾಡು ಹಿಡಿದೇ ಕಫ ಸಡಿಲಿಸುವ ಬ್ರೋಮ್‌ಹೆಕ್ಸಿನ್ ಎಂಬ ಆಧುನಿಕ ಔಷಧ ರೂಪುಗೊಂಡಿತು. ಅಲ್ಪಬುದ್ಧಿಯವರಿಗೆ ಈ ಪಟ್ಟಿ ವ್ಯವಹಾರಕ್ಕೆ ಸಾಕು, ಬುದ್ಧಿವಂತರಿಗೆ ಹೇಳದಿರುವುದನ್ನು ಊಹಿಸಲು ದಾರಿ ಎಂದು ಚರಕನೇ ಸ್ಪಷ್ಟಪಡಿಸಿದ್ದಾನೆ.

ಕರ್ಮಗಳ ವ್ಯಾಖ್ಯಾನಕ್ಕೆ ಶಾರ್ಙ್ಗಧರಸಂಹಿತೆಯ ಪೂರ್ವಖಂಡದ 4ನೇ ಅಧ್ಯಾಯದಷ್ಟು ನೆರವಾಗುವ ಪಾಠ ಬೇರೊಂದಿಲ್ಲ ಎಂದು ನನ್ನ ಅಭಿಪ್ರಾಯ. ಜಠರಾಗ್ನಿಯನ್ನು ಹೆಚ್ಚಿಸಿಯೂ ಆಮವನ್ನು, ಅಂದರೆ ಸರಿಯಾಗಿ ಜೀರ್ಣವಾಗದೆ ಉಳಿದದ್ದನ್ನು, ಪಚನ ಮಾಡದಿರುವುದು ದೀಪನ. ಆಮವನ್ನು ಪಚನ ಮಾಡಿಯೂ ಅಗ್ನಿಯನ್ನು ಹೆಚ್ಚಿಸದಿರುವುದು ಪಾಚನ, ಇದಕ್ಕೆ ನಾಗಕೇಸರ ಉದಾಹರಣೆ. ಚಿತ್ರಮೂಲ ಎರಡನ್ನೂ ಮಾಡುತ್ತದೆ. ನಮ್ಮ ಕೆರೆಬಯಲಿನ ರೈತರು ಕಳೆಯೆಂದು ಕಿತ್ತೆಸೆಯುವ ಜೇಕಿನ ಗೆಡ್ಡೆ, ಅಂದರೆ ಮುಸ್ತಾ, ದೀಪನ, ಪಾಚನ ಮತ್ತು ಸಂಗ್ರಾಹಿ (ಮಲವನ್ನು ಕಟ್ಟುವ) ದ್ರವ್ಯಗಳಲ್ಲಿ ಶ್ರೇಷ್ಠವೆಂದು ಚರಕನ ಮಾತು.

ಹೊಟ್ಟೆ ಸಡಿಲಿಸುವ ದ್ರವ್ಯಗಳಲ್ಲಿ ಈ ಸೂಕ್ಷ್ಮತೆ ಇನ್ನೂ ಚೆನ್ನಾಗಿ ಕಾಣುತ್ತದೆ. ಆಡುಮಾತಿನಲ್ಲಿ ಎಲ್ಲವೂ ‘ಭೇದಿ ಔಷಧಿ’ಯೇ ಆದರೂ ಶಾರ್ಙ್ಗಧರನು ನಾಲ್ಕು ಬಗೆ ಮಾಡುತ್ತಾನೆ. ಮಲವನ್ನು ಪಕ್ವಗೊಳಿಸಿ, ಕಟ್ಟನ್ನು ಒಡೆದು ಕೆಳಕ್ಕೆ ಒಯ್ಯುವುದು ಅನುಲೋಮನ, ಉದಾಹರಣೆಗೆ ಅಳಲೆಕಾಯಿ. ಕೋಷ್ಠದಲ್ಲಿ, ಅಂದರೆ ಹೊಟ್ಟೆ ಕರುಳುಗಳಲ್ಲಿ, ಅಂಟಿಕೊಂಡು ಇನ್ನೂ ಪಕ್ವವಾಗಬೇಕಾದ ಮಲವನ್ನು ಪಕ್ವಗೊಳಿಸದೆಯೇ ಇಳಿಸುವುದು ಸ್ರಂಸನ, ಇದಕ್ಕೆ ಕಕ್ಕೆ. ಗಟ್ಟಿಯಾಗಿ ಉಂಡೆಗಟ್ಟಿದ್ದನ್ನು ಒಡೆದು ಬೀಳಿಸುವುದು ಭೇದನ, ಇದಕ್ಕೆ ಕಟುಕರೋಹಿಣಿ. ಪಕ್ವವೋ ಅಪಕ್ವವೋ ಎಲ್ಲವನ್ನೂ ನೀರಾಗಿಸಿ ಹೊರಹಾಕುವುದು ರೇಚನ, ಇದಕ್ಕೆ ತಿಗಡೆ. ನಾಲ್ಕರಲ್ಲಿಯೂ ಕೊನೆಯ ಫಲ ಒಂದೇ. ಮಲ ಯಾವ ಸ್ಥಿತಿಯಲ್ಲಿತ್ತು, ಅದಕ್ಕೆ ದ್ರವ್ಯ ಏನು ಮಾಡಿತು ಎಂಬುದು ಬೇರೆ.

ಬೇಸಿಗೆಯಲ್ಲಿ ಹಳದಿ ಹೂಗೊಂಚಲಿನಿಂದ ಎದ್ದು ಕಾಣುವ ಕಕ್ಕೆಮರದ ಕಾಯಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಮಾಗಿದ ಕಾಯಿ ಒಂದೂವರೆ ಅಡಿಯಷ್ಟು ಉದ್ದ, ಉರುಟು, ಕಡುಗಂದು ಬಣ್ಣ. ಒಡೆದರೆ ಒಳಗೆ ಒತ್ತೊತ್ತಾಗಿ ದುಂಡನೆಯ ಅಡ್ಡಬಿಲ್ಲೆಗಳು, ಅವುಗಳ ಮೇಲೆ ಕಪ್ಪನೆಯ, ಸಿಹಿಯಾದ, ಬೆರಳಿಗೆ ಅಂಟುವ ತಿರುಳು, ನಡುವೆ ಒಂದೊಂದು ಚಪ್ಪಟೆ ಬೀಜ. ಔಷಧಕ್ಕೆ ಬೇಕಾದದ್ದು ಆ ತಿರುಳು. ಮಾಗಿದ ಕಾಯಿಗಳನ್ನು ಏಳು ರಾತ್ರಿ ಮರಳಿನಲ್ಲಿಟ್ಟು, ಬಿಸಿಲಿನಲ್ಲಿ ಒಣಗಿಸಿ, ಅನಂತರ ತಿರುಳು ತೆಗೆದು ಶುದ್ಧ ಪಾತ್ರೆಯಲ್ಲಿ ಇಡಬೇಕೆಂದು ಚರಕನ ಕಲ್ಪಸ್ಥಾನ ಹೇಳುತ್ತದೆ. ಮೃದುವಿರೇಚನಗಳಲ್ಲಿ ಕಕ್ಕೆ, ಸುಖವಿರೇಚನಗಳಲ್ಲಿ ತಿಗಡೆ, ತೀಕ್ಷ್ಣವಿರೇಚನಗಳಲ್ಲಿ ಕಳ್ಳಿಯ ಹಾಲು ಶ್ರೇಷ್ಠವೆಂಬುದೂ ಅವನದೇ ನಿರ್ಣಯ. ಮಕ್ಕಳಿಗೆ, ಮುದುಕರಿಗೆ, ಬಳಲಿದವರಿಗೆ ಯಾವುದನ್ನು ಆಯಬೇಕೆಂಬುದು ಈ ಮೂರು ಪದಗಳಿಂದಲೇ ತಿಳಿಯುತ್ತದೆ.

ಭೇದಿಯನ್ನು ತಡೆಯುವ ದ್ರವ್ಯಗಳಲ್ಲಿಯೂ ಇದೇ ಎಚ್ಚರ ಬೇಕು. ದೀಪನ ಮತ್ತು ಪಾಚನ ಎರಡನ್ನೂ ಮಾಡುತ್ತ, ಉಷ್ಣತೆಯಿಂದ ದ್ರವವನ್ನು ಒಣಗಿಸುವುದು ಗ್ರಾಹಿ. ಶುಂಠಿ ಮತ್ತು ಜೀರಿಗೆ ಇದರ ಉದಾಹರಣೆಗಳು. ರೂಕ್ಷತೆ (ಒಣತನ), ಶೈತ್ಯ, ಒಗರು ರುಚಿಗಳಿಂದ ಹರಿವನ್ನೇ ನಿಲ್ಲಿಸುವುದು ಸ್ತಂಭನ. ಕೊಡಸಿಗ ಇದರ ಉದಾಹರಣೆ. ಆಮ ಇನ್ನೂ ಒಳಗಿರುವ ಅತಿಸಾರದಲ್ಲಿ ಮೊದಲೇ ಹರಿವನ್ನು ತಡೆದರೆ ದೋಷ ಒಳಗೇ ನಿಂತು ಬೇರೆ ರೋಗಗಳನ್ನು ಹುಟ್ಟಿಸುತ್ತದೆ ಎಂದು ಚರಕನು ಎಚ್ಚರಿಸುತ್ತಾನೆ. ‘ಭೇದಿಗೆ ಕೊಡಸಿಗ’ ಎಂಬ ಒಂದು ಸಾಲಿನ ಟಿಪ್ಪಣಿಯಲ್ಲಿ ಈ ಎಚ್ಚರಿಕೆಗೆ ಜಾಗವೇ ಇರುವುದಿಲ್ಲ.

ಸಾಮಾನ್ಯವಾಗಿ ಕರ್ಮವನ್ನು ರಸ (ರುಚಿ), ಗುಣ, ವೀರ್ಯ (ಉಷ್ಣ ಅಥವಾ ಶೀತ ಶಕ್ತಿ), ವಿಪಾಕ (ಜೀರ್ಣವಾದ ಮೇಲಿನ ಪರಿಣಾಮ) ಇವುಗಳಿಂದ ಊಹಿಸಬಹುದು, ಆದರೆ ಯಾವಾಗಲೂ ಅಲ್ಲ. ಚಿತ್ರಮೂಲ ಮತ್ತು ದಂತಿ ಎರಡಕ್ಕೂ ಕಟು (ಖಾರ) ರಸ, ಕಟು ವಿಪಾಕ, ಉಷ್ಣ ವೀರ್ಯ. ಆದರೂ ದಂತಿ ವಿರೇಚನ ಮಾಡುತ್ತದೆ, ಚಿತ್ರಮೂಲ ಮಾಡುವುದಿಲ್ಲ. ಹೀಗೆ ಲೆಕ್ಕಕ್ಕೆ ಸಿಗದ ಕರ್ಮವನ್ನು ಪ್ರಭಾವ ಎನ್ನುತ್ತಾರೆ.

ಕೊನೆಯದಾಗಿ, ಕರ್ಮವನ್ನು ಬರೆದುಕೊಳ್ಳುವಾಗ ಗಿಡದ ಹೆಸರಿನೊಂದಿಗೆ ಬಳಸುವ ಭಾಗವನ್ನೂ ಸಿದ್ಧಪಡಿಸುವ ಕ್ರಮವನ್ನೂ ಸೇರಿಸಬೇಕು. ಇದಕ್ಕೆ ಅಳಲೆಕಾಯಿಗಿಂತ ಒಳ್ಳೆಯ ಉದಾಹರಣೆ ಸಿಗದು. ಭಾವಪ್ರಕಾಶ ಎಂಬ ಆಯುರ್ವೇದ ಗ್ರಂಥದ ಪ್ರಕಾರ ಅಗಿದು ತಿಂದರೆ ಅದು ಅಗ್ನಿಯನ್ನು ಹೆಚ್ಚಿಸುತ್ತದೆ, ಅರೆದು ಕೊಟ್ಟರೆ ಮಲಶೋಧನ ಮಾಡುತ್ತದೆ, ಬೇಯಿಸಿ ಕೊಟ್ಟರೆ ಮಲವನ್ನು ಕಟ್ಟುತ್ತದೆ, ಹುರಿದು ಕೊಟ್ಟರೆ ಮೂರು ದೋಷಗಳನ್ನೂ ಶಮನಗೊಳಿಸುತ್ತದೆ.