ಬ್ರಿಕೊಲಾಜ್: ಕೈಯಾಡಿಸುತ್ತ ಕಂಡುಕೊಳ್ಳುವ ಬಗೆ

ಸಮಕಾಲೀನ ಅಮೂರ್ತ ಕಲೆಯ ಕುರಿತ ಬರಹಗಳಲ್ಲಿ ‘ಬ್ರಿಕೊಲಾಜ್’ ಎಂಬ ಫ್ರೆಂಚ್ ಪದ ಮತ್ತೆ ಮತ್ತೆ ಎದುರಾಗುತ್ತದೆ. ಹಗ್ಗ, ತಂತಿ, ರಟ್ಟು, ಬಟ್ಟೆಯ ತುಂಡು, ಬಾಟಲಿಯ ಮುಚ್ಚಳ ಇಂಥವನ್ನು ಕಟ್ಟಿ, ಹೊಲಿದು, ಮಡಿಸಿ ಮಾಡಿದ, ಯಾವುದೇ ವಸ್ತುವನ್ನಾಗಲಿ ಮನುಷ್ಯರೂಪವನ್ನಾಗಲಿ ಹೋಲದ ಕೃತಿಯೊಂದು ಕಣ್ಣಿಗೆ ಬಿದ್ದ ಕೂಡಲೇ ವಿಮರ್ಶಕರು ಈ ಪದವನ್ನು ಕೈಗೆತ್ತಿಕೊಳ್ಳುತ್ತಾರೆ. ಕನ್ನಡದಲ್ಲಿ ಇದನ್ನು ವಿವರಿಸಬೇಕಾಗಿ ಬಂದಾಗ ಥಟ್ಟನೆ ನೆನಪಾಗುವುದು ‘ಕಸದಿಂದ ರಸ’ ಎಂಬ ನುಡಿಗಟ್ಟು. ಆ ಹೋಲಿಕೆ ಅರ್ಧ ಮಾತ್ರ ಸರಿ. ‘ಕಸದಿಂದ ರಸ’ ಎಂಬುದು ಕೊನೆಗೆ ದೊರೆತ ಫಲವನ್ನು ಮೆಚ್ಚಿ ಆಡುವ ಮಾತು. ಬ್ರಿಕೊಲಾಜ್ ಎಂಬುದಾದರೋ ಕೆಲಸ ನಡೆಯುವ ಕ್ರಮಕ್ಕೆ ಇಟ್ಟ ಹೆಸರು. ಬಳಸಿದ ವಸ್ತು ಕಸವೇ ಆಗಿರಬೇಕೆಂಬ ನಿಯಮ ಅದಕ್ಕಿಲ್ಲ.

ಪದದ ಹಳೆಯ ಅರ್ಥವನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಫ್ರೆಂಚಿನ ‘ಬ್ರಿಕೊಲೆ’ ಎಂಬ ಕ್ರಿಯಾಪದ ಹಿಂದೆ ಚೆಂಡಾಟ, ಬಿಲಿಯರ್ಡ್ಸ್, ಬೇಟೆ ಮತ್ತು ಕುದುರೆ ಸವಾರಿಯ ಮಾತಾಗಿತ್ತು. ಗೋಡೆಗೆ ಬಡಿದ ಚೆಂಡು ಬೇರೊಂದು ದಿಕ್ಕಿಗೆ ಪುಟಿಯುವುದು, ಬೇಟೆನಾಯಿ ದಾರಿ ಬಿಟ್ಟು ಅಲೆಯುವುದು, ಎದುರಿನ ಅಡ್ಡಿಯನ್ನು ಕಂಡ ಕುದುರೆ ನೇರ ಹಾದಿಯಿಂದ ಪಕ್ಕಕ್ಕೆ ಸರಿಯುವುದು ಇವನ್ನೆಲ್ಲ ಅದು ಸೂಚಿಸುತ್ತಿತ್ತು. ಅಂದರೆ ಆಡುವವನು ಅಥವಾ ಸವಾರ ಎಣಿಸಿರದ ಒಂದು ಚಲನೆ, ಎದುರಿಗಿರುವುದರ ಕಾರಣದಿಂದಲೇ ಹುಟ್ಟಿಕೊಂಡ ಒಂದು ತಿರುವು. ಮುಂದೆ ಈ ಪದ ಮನೆಯ ಸಣ್ಣಪುಟ್ಟ ದುರಸ್ತಿಗಳನ್ನು ತಾನೇ ಮಾಡಿಕೊಳ್ಳುವುದಕ್ಕೆ, ಕೈಗೆ ಸಿಕ್ಕಿದ್ದರಲ್ಲಿ ಹೇಗೋ ಹೊಂದಿಸುವುದಕ್ಕೆ ಬಳಕೆಯಾಯಿತು. ಇಂದಿನ ಫ್ರೆಂಚಿನಲ್ಲಿ ನಿತ್ಯದ ಅರ್ಥ ಅದೇ.

ಈ ಸಾಧಾರಣ ಪದಕ್ಕೆ ಪರಿಭಾಷೆಯ ಘನತೆ ತಂದುಕೊಟ್ಟವರು ಮಾನವಶಾಸ್ತ್ರಜ್ಞ ಕ್ಲೋದ್ ಲೆವಿ-ಸ್ಟ್ರಾಸ್. ಪುರಾಣಕಥೆಗಳು ಹೇಗೆ ಕಟ್ಟಿಕೊಳ್ಳುತ್ತವೆ ಎಂಬುದನ್ನು ವಿವರಿಸಲು, 1962ರಲ್ಲಿ ಪ್ರಕಟವಾದ ‘ಲಾ ಪಾನ್ಸೆ ಸೊವಾಜ್’ ಎಂಬ ಗ್ರಂಥದಲ್ಲಿ ಅವರು ಇಂಜಿನಿಯರ್ ಮತ್ತು ಬ್ರಿಕೊಲರ್ ಎಂಬ ಇಬ್ಬರನ್ನು ಎದುರುಬದುರು ನಿಲ್ಲಿಸಿದರು. ಇಂಜಿನಿಯರ್ ಮೊದಲು ಯೋಜನೆ ಹಾಕಿ, ಅದಕ್ಕೆ ತಕ್ಕ ಸಾಮಗ್ರಿಯನ್ನೂ ಸಲಕರಣೆಯನ್ನೂ ತರಿಸಿಕೊಳ್ಳುತ್ತಾನೆ. ಬ್ರಿಕೊಲರ್‌ನ ಬಳಿ ಇರುವುದು ಬೇರೆ ಬೇರೆ ಕೆಲಸಗಳಿಂದ ಉಳಿದುಬಂದ, ‘ಎಂದಾದರೂ ಬೇಕಾದೀತು’ ಎಂದು ತೆಗೆದಿಟ್ಟ ಒಂದು ಸೀಮಿತ ಸಂಗ್ರಹ ಮಾತ್ರ. ಹೊಸ ಕೆಲಸ ಬಂದಾಗ ಅವನು ಆ ಸಂಗ್ರಹದತ್ತ ತಿರುಗಿ, ಒಂದೊಂದನ್ನೂ ಎತ್ತಿ ನೋಡಿ, ಇದರಿಂದ ಏನಾದೀತು ಎಂದು ಕೇಳಿಕೊಳ್ಳುತ್ತಾನೆ. ಆ ತುಂಡುಗಳಾದರೂ ಖಾಲಿಯಾಗಿರುವುದಿಲ್ಲ. ಹಿಂದಿನ ಉಪಯೋಗದ ಗುರುತು ಮತ್ತು ಮಿತಿ ಅವುಗಳಿಗೆ ಅಂಟಿಕೊಂಡೇ ಇರುತ್ತದೆ. ಕಲಾವಿದ ಈ ಇಬ್ಬರ ನಡುವೆ ಎಲ್ಲೋ ನಿಲ್ಲುವವನು ಎಂದು ಲೆವಿ-ಸ್ಟ್ರಾಸ್ ಎಣಿಸಿದ್ದರು. ಅಮೂರ್ತ ಚಿತ್ರಕಲೆಯ ಬಗ್ಗೆ ಅವರಿಗೆ ಒಲವೇನೂ ಇರಲಿಲ್ಲ. ಅವರ ಪದವನ್ನು ಅತ್ಯಂತ ಆಸೆಯಿಂದ ಅಪ್ಪಿಕೊಂಡವರಲ್ಲಿ ಅಮೂರ್ತ ಕಲಾವಿದರೂ ಇದ್ದರೆಂಬುದು ತಮಾಷೆಯಾಗಿದೆ.

ಕನ್ನಡದಲ್ಲಿ ಇದಕ್ಕೆ ಒಂದೇ ಪದದ ಸಾಟಿ ಇಲ್ಲ. ಆದರೆ ‘ಕೈಯಾಡಿಸು’ ಎಂಬ ಕ್ರಿಯಾಪದ ಫ್ರೆಂಚ್ ಪದದ ಮೂಲಾರ್ಥಕ್ಕೆ ಅಚ್ಚರಿಯಾಗುವಷ್ಟು ಹತ್ತಿರ ಬರುತ್ತದೆ ಎಂದು ನನಗೆ ತೋರುತ್ತದೆ. ನಮ್ಮ ‘ಆಡು’ ಆಟಕ್ಕಷ್ಟೇ ಮೀಸಲಾದ ಧಾತುವಲ್ಲ: ಗಾಳಿಯಾಡುತ್ತದೆ, ಉಸಿರಾಡುತ್ತೇವೆ, ಓಡಾಡುತ್ತೇವೆ, ಮಾತನಾಡುತ್ತೇವೆ, ಸಡಿಲವಾದ ಹಲ್ಲು ಅಲ್ಲಾಡುತ್ತದೆ. ಚಲನೆ, ಸಡಿಲು, ಆಟ, ಮಾತು ಎಲ್ಲವೂ ಆ ಒಂದು ಧಾತುವಿನಲ್ಲಿ ಕೂಡಿಕೊಂಡಿವೆ. ರಾಶಿಯೊಂದರಲ್ಲಿ ಕೈಯಾಡಿಸುವವನಿಗೆ ತಾನು ಹುಡುಕುತ್ತಿರುವುದು ಏನೆಂದು ಪೂರ್ತಿ ಗೊತ್ತಿರಬೇಕಾಗಿಲ್ಲ. ಬೆರಳಿಗೆ ತಗುಲಿದ ಮೇಲೆ ಅದು ಗೊತ್ತಾಗುತ್ತದೆ. ಅಮೂರ್ತ ಕಲೆಯಲ್ಲಿ ‘ಆಟದಂಥ, ಕೈಯಿಂದ ಮಾಡಿದ’ ಎಂದು ನಾವು ಎರಡು ವಿಶೇಷಣಗಳನ್ನು ಸೇರಿಸಿ ಹೇಳುವುದು ಈ ಒಂದೇ ಕ್ರಿಯೆಯನ್ನು. ವಸ್ತು ಎಣಿಸಿರದ ಉತ್ತರ ಕೊಡುವುದು ಆಟ, ಆ ಉತ್ತರ ತಿಳಿದುಬರುವುದು ಕೈಯ ಮೂಲಕ.

ಹತ್ತಿರದ ಕೆಲವು ಪದಗಳೊಂದಿಗೆ ಇದನ್ನು ಬೆರೆಸಬಾರದು. ಕೊಲಾಜ್ ಎಂದರೆ ಅಂಟಿಸುವ ತಂತ್ರ. ಕುರ್ಚಿಯ ಬೆತ್ತದ ಹೆಣಿಗೆಯನ್ನು ಮುದ್ರಿಸಿದ ಎಣ್ಣೆಬಟ್ಟೆಯನ್ನು ಪಿಕಾಸೊ 1912ರಲ್ಲಿ ಚಿತ್ರಕ್ಕೆ ಅಂಟಿಸಿ ಸುತ್ತಲೂ ಹಗ್ಗದ ಚೌಕಟ್ಟು ಕೊಟ್ಟದ್ದು ಅದರ ಪ್ರಸಿದ್ಧ ಆರಂಭ. ಅಸೆಂಬ್ಲಾಜ್ ಎಂಬುದು ಮೂರು ಆಯಾಮಗಳಲ್ಲಿ ಜೋಡಿಸಿದ ಕೃತಿಯ ಪ್ರಕಾರ. ಇವೆರಡನ್ನೂ ಪೂರ್ವಯೋಜನೆಯಂತೆ ಕಟ್ಟುನಿಟ್ಟಾಗಿ ಮಾಡಿ ಮುಗಿಸಬಹುದು. ಆಗ ಅವು ಬ್ರಿಕೊಲಾಜ್ ಆಗುವುದಿಲ್ಲ.

ವಸ್ತುವಿನ ಉತ್ತರವೆಂದರೇನು ಎಂಬುದಕ್ಕೆ ರಿಚರ್ಡ್ ಟಟಲ್ ಎಂಬ ಅಮೆರಿಕನ್ ಕಲಾವಿದರು 1970ರ ದಶಕದ ಆರಂಭದಲ್ಲಿ ಮಾಡಿದ ತಂತಿ ಕೃತಿಗಳಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಹೊಳೆಯುವುದಿಲ್ಲ. ಅವರು ಗೋಡೆಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತಾರೆ. ಆ ಗೆರೆಯನ್ನೇ ಅನುಸರಿಸಿ ತೆಳುವಾದ ತಂತಿಯೊಂದನ್ನು ಬಾಗಿಸಿ ಮೊಳೆಯಿಂದ ಸಿಕ್ಕಿಸುತ್ತಾರೆ. ಅನಂತರ ಹಿಡಿತವನ್ನು ಸಡಿಲಿಸುತ್ತಾರೆ. ಬಿಡುಗಡೆಗೊಂಡ ತಂತಿ ತನ್ನೊಳಗಿನ ಬಿಗುವಿಗೆ ತಕ್ಕಂತೆ ಗೋಡೆಯಿಂದ ಚಿಮ್ಮಿ ಗಾಳಿಯಲ್ಲಿ ನಿಲ್ಲುತ್ತದೆ, ಬೆಳಕು ಬಿದ್ದಾಗ ಅದರ ನೆರಳು ಗೋಡೆಯ ಮೇಲೆ ಮೂರನೆಯ ಗೆರೆಯಾಗಿ ಮೂಡುತ್ತದೆ. ಮೊದಲನೆಯ ಗೆರೆ ಕೈಯದು, ಎರಡನೆಯದು ಲೋಹದ್ದು, ಮೂರನೆಯದು ಬೆಳಕಿನದು. ಈ ಮೂರೂ ಒಂದೇ ಗೆರೆಯಾಗಿ ಹೊರಟು ಮೂರು ದಾರಿ ಹಿಡಿದಂಥವು. ಕೃತಿಯನ್ನು ಬೇರೆಡೆ ತೋರಿಸಬೇಕಾದಾಗ ಗೆರೆಯಿಂದಲೇ ಮತ್ತೆ ಆರಂಭಿಸಬೇಕಾಗುವುದರಿಂದ ಎರಡು ಪ್ರದರ್ಶನಗಳಲ್ಲಿ ಅದು ತದ್ವತ್ತಾಗಿ ಒಂದೇ ಆಗಿರುವುದು ಸಾಧ್ಯವಿಲ್ಲ. ಹಳೆಯ ಫ್ರೆಂಚ್ ಅರ್ಥದ ಪುಟಿಯುವ ಚೆಂಡು ಇಲ್ಲಿ ತಂತಿಯಾಗಿದೆ, ಅಷ್ಟೆ. 1975ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದಲ್ಲಿ ಟಟಲ್ ಅವರ ಪ್ರದರ್ಶನ ನಡೆದಾಗ, ಅವಧಿಯ ನಡುನಡುವೆ ಕೃತಿಗಳನ್ನು ಹೊಸದಾಗಿ ಅಳವಡಿಸಲಾಯಿತು. ಬೆರಳುದ್ದದ ಹಗ್ಗದ ತುಂಡೊಂದನ್ನು ವಿಶಾಲವಾದ ಗೋಡೆಗೆ ಹೊಡೆದಿಟ್ಟರೆ ಅದು ಹೇಗೆ ಕಲೆಯಾದೀತು ಎಂಬ ಧಾಟಿಯ ಕಟುವಾದ ಟೀಕೆಗಳು ಬಂದವು. ಟೀಕಾಕಾರರು ಕೊನೆಗೆ ಉಳಿದ ವಸ್ತುವನ್ನಷ್ಟೇ ತೂಗಿ ನೋಡಿದರು, ನಡೆದ ಆಟ ಅವರ ಲೆಕ್ಕಕ್ಕೆ ಬರಲಿಲ್ಲ.

ಆಟವೆಂದ ಮಾತ್ರಕ್ಕೆ ಮನಸ್ಸಿಗೆ ಬಂದದ್ದನ್ನು ಮಾಡುವುದು ಎಂದು ತಿಳಿಯಬಾರದು. ನಿಯಮವಿಲ್ಲದ ಆಟ ಬಹಳ ಹೊತ್ತು ನಡೆಯುವುದಿಲ್ಲ, ಮಕ್ಕಳಿಗೂ ಇದು ಗೊತ್ತು. ಅಮೂರ್ತ ಕಲೆಗೂ ಮಕ್ಕಳ ಕೈಕೆಲಸಕ್ಕೂ ಇರುವ ನಂಟು ಕೇವಲ ಅಣಕದ ಮಾತಲ್ಲ, ಅದಕ್ಕೆ ಇತಿಹಾಸವಿದೆ. ಕಿಂಡರ್‌ಗಾರ್ಟನ್ ಪದ್ಧತಿಯನ್ನು ರೂಪಿಸಿದ ಫ್ರೀಡ್ರಿಕ್ ಫ್ರೋಬೆಲ್ 19ನೆಯ ಶತಮಾನದ ಜರ್ಮನಿಯಲ್ಲಿ ಮಕ್ಕಳ ಮುಂದಿಟ್ಟದ್ದು ಮರದ ಗೋಳ, ಘನ, ಸಿಲಿಂಡರುಗಳನ್ನು, ಮಡಿಸುವ ಮತ್ತು ಹೆಣೆಯುವ ಕಾಗದದ ಪಟ್ಟಿಗಳನ್ನು. ಬೌಹೌಸ್ ಕಲಾಶಾಲೆಯ ಪ್ರಾಥಮಿಕ ತರಗತಿಯಲ್ಲಿ ಯೋಸೆಫ್ ಆಲ್ಬರ್ಸ್ ವಿದ್ಯಾರ್ಥಿಗಳಿಗೆ ಬರಿಯ ಕಾಗದವನ್ನು ಕೊಟ್ಟು, ಕನಿಷ್ಠ ಸಲಕರಣೆಯಿಂದ, ಆದಷ್ಟೂ ವ್ಯರ್ಥವಾಗದಂತೆ ಅದರಿಂದ ಏನು ಸಾಧ್ಯವೋ ಕಂಡುಕೊಳ್ಳಿ ಎನ್ನುತ್ತಿದ್ದರು. ಮಡಿಸಿದ ಕಾಗದ ತನ್ನ ಅಂಚಿನ ಮೇಲೆ ನಿಲ್ಲಬಲ್ಲದು, ಭಾರ ಹೊರಬಲ್ಲದು ಎಂಬುದನ್ನು ಅವರ ವಿದ್ಯಾರ್ಥಿಗಳು ಪಾಠವಾಗಿ ಕೇಳದೆ ಬೆರಳಿನಿಂದ ಅರಿತರು. 1933ರಲ್ಲಿ ಬೌಹೌಸ್ ಮುಚ್ಚಿದ ಮೇಲೆ ಆಲ್ಬರ್ಸ್ ಈ ಪಾಠಕ್ರಮವನ್ನು ಅಮೆರಿಕದ ಬ್ಲ್ಯಾಕ್ ಮೌಂಟನ್ ಕಾಲೇಜಿಗೆ ಒಯ್ದರು. ಜಪಾನಿನಲ್ಲಿ 1954ರಲ್ಲಿ ಜಿರೊ ಯೋಶಿಹಾರ ಅವರ ಮುಂದಾಳುತನದಲ್ಲಿ ಹುಟ್ಟಿದ ಗುತಾಯ್ ಎಂಬ ಕಲಾವಿದರ ಬಳಗಕ್ಕೂ ಮಕ್ಕಳ ಕಲೆಯೊಂದಿಗೆ ನಿಕಟ ಒಡನಾಟವಿತ್ತು. ಬಳಗದ ಹೆಸರಿನಲ್ಲೇ ಉಪಕರಣ ಮತ್ತು ದೇಹ ಎಂಬ ಅರ್ಥದ ಎರಡು ಅಕ್ಷರಗಳಿವೆ. ವಸ್ತುವನ್ನು ಬೇರೊಂದರ ಸೋಗು ಹಾಕಿಸದೆ ಅದಕ್ಕೆ ಜೀವ ತುಂಬುವುದು ತಮ್ಮ ಗುರಿಯೆಂದು ಅವರ 1956ರ ಪ್ರಣಾಳಿಕೆ ಸಾರಿತು.

ವಸ್ತುವಿಗೆ ಹಿಂದಿನ ಉಪಯೋಗದ ಗುರುತು ಅಂಟಿಕೊಂಡಿರುತ್ತದೆ ಎಂಬ ಲೆವಿ-ಸ್ಟ್ರಾಸ್ ಮಾತು ಅಮೂರ್ತ ಕಲೆಯಲ್ಲಿ ತುಸು ಬಿಕ್ಕಟ್ಟನ್ನು ತಂದೊಡ್ಡುತ್ತದೆ. ಏನನ್ನೂ ಹೋಲದಿರುವುದೇ ಅಮೂರ್ತತೆಯಾದರೆ, ವಸ್ತುವಿನೊಂದಿಗೆ ಬರುವ ನೆನಪನ್ನು ಏನು ಮಾಡಬೇಕು? ಅಮೆರಿಕದ ಕಪ್ಪು ಕಲಾವಿದೆ ಹೊವಾರ್ಡೀನಾ ಪಿಂಡೆಲ್ ಅವರ ಕೃತಿಗಳನ್ನು ನೋಡಬೇಕು. ಕಚೇರಿಗಳಲ್ಲಿ ಕಾಗದಕ್ಕೆ ತೂತು ಹಾಕುವ ಪಂಚಿಂಗ್ ಯಂತ್ರದಿಂದ ಉದುರುವ ಸಣ್ಣ ಬಿಲ್ಲೆಗಳನ್ನು ಅವರು 1970ರ ದಶಕದಲ್ಲಿ ಸಾವಿರಗಟ್ಟಲೆ ಕೂಡಿಸಿ, ಕೆಲವಕ್ಕೆ ಕೈಯಿಂದಲೇ ಸಂಖ್ಯೆ ಬರೆದು, ಕಾಗದಕ್ಕೂ ಕ್ಯಾನ್ವಾಸಿಗೂ ಹಚ್ಚಿದರು. ದೂರದಿಂದ ಅದು ಹಗುರವಾದ ಬಣ್ಣದ ತುಂತುರಿನಂತೆ, ಹಬ್ಬದ ದಿನ ಎರಚಿದ ಕಾಗದದ ಚೂರುಗಳಂತೆ ಕಾಣುತ್ತದೆ. ಆ ವೃತ್ತದ ಹಿಂದೆ ಬಾಲ್ಯದ ಒಂದು ನೆನಪಿದೆಯೆಂದು ಅವರೇ ಹೇಳಿದ್ದಾರೆ: ತಂದೆಯೊಂದಿಗೆ ಕೆಂಟಕಿಯಲ್ಲಿ ಪಾನೀಯ ಕುಡಿಯಲು ನಿಂತಾಗ, ಕಪ್ಪು ಜನರಿಗೆ ಬೇರೆಯಾಗಿ ಮೀಸಲಿಟ್ಟ ಲೋಟಗಳ ಅಡಿಯಲ್ಲಿ ಕೆಂಪು ವೃತ್ತದ ಗುರುತನ್ನು ಅವರು ಕಂಡಿದ್ದರು. ಬೇರ್ಪಡಿಸುವ ಗುರುತಾಗಿದ್ದ ವೃತ್ತವನ್ನು ಎಣಿಕೆ ಮೀರುವಷ್ಟು ಕತ್ತರಿಸಿ, ಎರಚಿ, ಅಂಟಿಸಿದ ಈ ಆಟದಲ್ಲಿ ಹಗುರತನವೂ ಹಟವೂ ಕೂಡಿವೆ. ಆ ಕಥೆ ಗೊತ್ತಿಲ್ಲದವರಿಗೂ ಕೃತಿ ಕೃತಿಯಾಗಿಯೇ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕು.

ಎಲ್ ಅನಾಟ್ಸುಯಿ ಅವರದ್ದು ಇನ್ನೊಂದು ಬಗೆ. ಘಾನಾದಲ್ಲಿ 1944ರಲ್ಲಿ ಹುಟ್ಟಿ ನೈಜೀರಿಯಾದ ಎನ್ಸುಕ್ಕಾದಲ್ಲಿ ದೀರ್ಘಕಾಲ ಅಧ್ಯಾಪಕರಾಗಿದ್ದ ಅವರು, ಮದ್ಯದ ಬಾಟಲಿಗಳ ಅಲ್ಯೂಮಿನಿಯಂ ಮುಚ್ಚಳಗಳನ್ನು ತಟ್ಟಿ, ಮಡಿಸಿ, ತಿರುಚಿ, ತಾಮ್ರದ ತಂತಿಯಿಂದ ಒಂದಕ್ಕೊಂದು ಕಟ್ಟಿ ಗೋಡೆಯಗಲದ ಹಾಸುಗಳನ್ನು ಮಾಡುತ್ತಾರೆ. ಮದ್ಯವು ಆಫ್ರಿಕ, ಯುರೋಪ್ ಮತ್ತು ಅಮೆರಿಕಗಳ ನಡುವಿನ ಹಳೆಯ ವ್ಯಾಪಾರದ ಸರಕಾಗಿದ್ದುದರಿಂದ ಮುಚ್ಚಳಗಳು ತಮ್ಮ ಚರಿತ್ರೆಯನ್ನು ಹೊತ್ತೇ ಬರುತ್ತವೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು, ಈ ಹಾಸುಗಳಿಗೆ ನಿಶ್ಚಿತವಾದ ಆಕಾರವಿಲ್ಲದಿರುವುದು. ತೂಗುಹಾಕುವವರು ಪ್ರತಿಸಲವೂ ಅದರ ನೆರಿಗೆಗಳನ್ನು ಹೊಸದಾಗಿ ಮಾಡಬಹುದು, ಕಲಾವಿದರು ಅದನ್ನು ಬೇಕೆಂದೇ ಅವರ ಕೈಗೆ ಬಿಡುತ್ತಾರೆ. ಇಂಥ ಕೃತಿಗಳನ್ನು ‘ಮರುಬಳಕೆ’ ಎಂದು ಹೊಗಳಿ ಮುಗಿಸುವ ರೂಢಿ ನನಗೆ ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ಇಲ್ಲಿ ಮುಚ್ಚಳ ಮತ್ತೆ ಯಾವ ಬಳಕೆಗೂ ಮರಳಿಲ್ಲ.

ಬ್ರಿಕೊಲಾಜ್‌ನಲ್ಲಿ ನೈಪುಣ್ಯಕ್ಕೆ ಎಡೆಯಿಲ್ಲ ಎಂಬ ಭಾವನೆಯೂ ಇದೆ. ಅದು ಸರಿಯಲ್ಲ. ಭಾರತ ಮೂಲದ ಕಲಾವಿದೆ ಜರೀನಾ ಹಾಶ್ಮಿ 1970ರ ದಶಕದಲ್ಲಿ ಬಿಳಿಯ ಕಾಗದಕ್ಕೆ ಸೂಜಿಯಿಂದ ಚುಚ್ಚಿ ಮಾಡಿದ ಕೃತಿಗಳಲ್ಲಿ ಶಾಯಿಯೂ ಇಲ್ಲ, ಬಣ್ಣವೂ ಇಲ್ಲ. ತೂತಿನ ಅಂಚಿನಲ್ಲಿ ಎದ್ದುನಿಂತ ನಾರಿನ ಮೇಲೆ ಬೆಳಕು ಬಿದ್ದು ಕಾಣುವುದೇ ಚಿತ್ರ. ಉಪಕರಣ ಅತ್ಯಂತ ಸರಳ, ಹಿಡಿತ ಅತ್ಯಂತ ಸೂಕ್ಷ್ಮ. ಇದಕ್ಕೆ ತದ್ವಿರುದ್ಧವಾಗಿ, ಅರ್ಧಕ್ಕೆ ಬಿಟ್ಟಂತೆ, ತಪ್ಪಿಹೋದಂತೆ ಕಾಣುವ ಅಮೂರ್ತ ಚಿತ್ರಗಳ ಒಂದು ಪ್ರವೃತ್ತಿಯನ್ನು ವಿಮರ್ಶಕ ರಫಾಯೆಲ್ ರೂಬಿನ್‌ಸ್ಟೈನ್ 2009ರಲ್ಲಿ ‘ತಾತ್ಕಾಲಿಕ ಚಿತ್ರಕಲೆ’ ಎಂದು ಕರೆದರು. ಅಲ್ಲಿ ಒರಟುತನ ಒಂದು ನಿಲುವು. ಆದರೆ ಒರಟುತನವೇ ಶೈಲಿಯಾಗಿ ನೆಲೆಗೊಂಡ ಮೇಲೆ, ಎಲ್ಲಿ ಅಂಚು ಹರಿಯಬೇಕು, ಎಲ್ಲಿ ಬಣ್ಣ ಸೋರಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡು ಮಾಡಿದ ಕೃತಿಗಳೂ ಬರತೊಡಗುತ್ತವೆ. ಅಂಥವು ನೋಟಕ್ಕೆ ಬ್ರಿಕೊಲಾಜ್‌ನಂತಿದ್ದರೂ ಲೆವಿ-ಸ್ಟ್ರಾಸ್ ಅವರ ಲೆಕ್ಕದಲ್ಲಿ ಇಂಜಿನಿಯರ್‌ನ ಕೆಲಸಗಳೇ ಆಗುತ್ತವೆ.

ಇವನ್ನು ಬೇರ್ಪಡಿಸಿ ನೋಡುವುದಕ್ಕೆ ಕೃತಿಯ ಪಕ್ಕದ ಫಲಕ ನೆರವಾಗಬೇಕಿತ್ತು. ಅಲ್ಲಿ ಬಹುಪಾಲು ‘ಮಿಶ್ರ ಮಾಧ್ಯಮ’ ಎಂದಷ್ಟೇ ಬರೆದಿರುತ್ತದೆ. ಅಡುಗೆಯನ್ನು ‘ಮಿಶ್ರ ಪದಾರ್ಥ’ ಎಂದು ಬಡಿಸಿದಷ್ಟೇ ಉಪಯುಕ್ತ. ಯಾವ ವಸ್ತು, ಅದನ್ನು ಏನು ಮಾಡಲಾಗಿದೆ, ಅದು ಮುಂದೆ ಏನಾಗಲಿದೆ ಎಂಬ ಮೂರು ವಿವರಗಳು ಇಂಥ ಕೃತಿಗಳಲ್ಲಿ ಅರ್ಥದ ಭಾಗವೇ ಆಗಿವೆ. ಶಿಲ್ಪಿ ಎವಾ ಹೆಸ್ ಲೇಟೆಕ್ಸ್ ಎಂಬ ರಬ್ಬರ್ ದ್ರವವನ್ನು ತೆಳುವಾದ ಜಾಳಿಗೆ ಬಟ್ಟೆಗೆ ಪದರ ಪದರವಾಗಿ ಹಚ್ಚಿ, ಫೈಬರ್‌ಗ್ಲಾಸ್ ಕೋಲುಗಳ ನಡುವೆ ಪರದೆಯಂತೆ ಇಳಿಬಿಟ್ಟು 1969ರಲ್ಲಿ ಮಾಡಿದ ‘ಎಕ್ಸ್‌ಪ್ಯಾಂಡೆಡ್ ಎಕ್ಸ್‌ಪ್ಯಾನ್ಶನ್’ ಎಂಬ ಕೃತಿಯನ್ನು ಜಾಗಕ್ಕೆ ತಕ್ಕಂತೆ ಹಿಗ್ಗಿಸಬಹುದಿತ್ತು, ಒತ್ತಾಗಿ ಕುಗ್ಗಿಸಬಹುದಿತ್ತು. ಲೇಟೆಕ್ಸ್ ಬಹುಕಾಲ ಬಾಳುವುದಿಲ್ಲವೆಂದು ಹೆಸ್ ಅವರಿಗೆ ತಿಳಿದಿತ್ತು; 34ನೆಯ ವಯಸ್ಸಿನಲ್ಲಿ, 1970ರಲ್ಲಿ ತೀರಿಕೊಳ್ಳುವ ಮುನ್ನ ನೀಡಿದ ಸಂದರ್ಶನದಲ್ಲಿ, ಕೊಳ್ಳಲು ಬರುವವರ ಮುಂದೆ ಇದರಿಂದಾಗಿ ತಮಗೆ ಅಳುಕಾಗುತ್ತದೆ ಎಂದು ಅವರು ಒಪ್ಪಿಕೊಂಡಿದ್ದರು. ಕಾಲ ಕಳೆದಂತೆ ರಬ್ಬರು ಕಂದು ತಿರುಗಿ ಗಡುಸಾಯಿತು. ನ್ಯೂಯಾರ್ಕಿನ ಗುಗ್ಗೆನ್‌ಹೈಮ್ ವಸ್ತುಸಂಗ್ರಹಾಲಯ ದಶಕಗಳ ಕಾಲ ಅದನ್ನು ಹೊರಗೆ ತೋರಿಸದೆ ಇರಿಸಿ, ಸಂರಕ್ಷಣಾ ತಜ್ಞರ ಶುಶ್ರೂಷೆಯ ನಂತರ 2022ರಲ್ಲಿ ಮತ್ತೆ ಪ್ರದರ್ಶಿಸಿತು. ನೆರಿಗೆಗಳು ಈಗ ಬಿಗಿದುಕೊಂಡಿವೆ. ಹಿಗ್ಗಿಸಿ ಕುಗ್ಗಿಸಲೆಂದು ಮಾಡಿದ ಆ ಪರದೆಯನ್ನು ಈಗ ಬಿರುಕು ಬಿಡದಂತೆ ಕಾಯುವುದೇ ಅದನ್ನು ನಿಲ್ಲಿಸುವವರ ಕೆಲಸವಾಗಿದೆ.