ಪಾಸ್ಟರ್ ಇಲ್ಲದೆ ಬ್ರದರನ್ ಸಭೆ ಹೇಗೆ ನಡೆಯುತ್ತದೆ?

ಪ್ರಶ್ನೆ: ನನ್ನ ಜೊತೆ ಕೆಲಸ ಮಾಡುವವರೊಬ್ಬರು ಬ್ರದರನ್ ಅನ್ನುವ ಪ್ರೊಟೆಸ್ಟಂಟ್ ಕ್ರೈಸ್ತ ಪಂಗಡದ ಸಭೆಗೆ ಹೋಗುತ್ತಾರೆ. ಅಲ್ಲಿ ಪಾಸ್ಟರೇ ಇಲ್ಲವಂತೆ. ಹಾಗಾದರೆ ಆರಾಧನೆ ನಡೆಸುವವರು ಯಾರು? ಒಂದು ಭಾನುವಾರ ಬನ್ನಿ ಅಂತ ನನ್ನನ್ನೂ ಕರೆದಿದ್ದಾರೆ. ನಾನು ಕ್ರೈಸ್ತಳಲ್ಲ. ಹೋಗಬಹುದಾ?

ಉತ್ತರ: ಖಂಡಿತ ಹೋಗಬಹುದು. ಆದರೆ ಅಲ್ಲಿ ಏನು ಕಾಣುತ್ತದೆ ಅಂತ ಮೊದಲೇ ತಿಳಿದಿದ್ದರೆ ಒಳ್ಳೆಯದು. ಇಲ್ಲದಿದ್ದರೆ, ಯಾರೂ ಮಾತಾಡದೆ ಕೂತಿರುವುದನ್ನು ನೋಡಿ ಏನೋ ತಪ್ಪಾಗಿದೆ ಅಂದುಕೊಳ್ಳುತ್ತೀರಿ.

ಬೆಳಗಿನ ಕೂಟಕ್ಕೆ ‘ರೊಟ್ಟಿ ಮುರಿಯುವ ಕೂಟ’ ಅನ್ನುತ್ತಾರೆ. ಯೇಸುವಿನ ಕೊನೆಯ ಊಟದ ನೆನಪಿಗೆ ಇದು. ಒಂದು ಸಾದಾ ಕೋಣೆ. ಮೇಜಿನ ಮೇಲೆ ಬಿಳಿ ಬಟ್ಟೆ, ಒಂದು ರೊಟ್ಟಿ, ದ್ರಾಕ್ಷಾರಸದ ಪಾತ್ರೆ. ಎಷ್ಟೋ ಕಡೆ ಕುರ್ಚಿಗಳನ್ನು ಮೇಜಿನ ಸುತ್ತಲೇ ಹಾಕಿರುತ್ತಾರೆ. ಮುಂದೆ ನಿಂತು ನಡೆಸುವವರು ಇರುವುದಿಲ್ಲ. ಇಂಥ ಹಾಡು, ಇಷ್ಟು ಹೊತ್ತಿಗೆ ಪ್ರಾರ್ಥನೆ ಅನ್ನುವ ಪಟ್ಟಿಯೂ ಇರುವುದಿಲ್ಲ. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿರುತ್ತಾರೆ. ಆಮೇಲೆ ಒಬ್ಬ ಸಹೋದರ ಒಂದು ಹಾಡಿನ ನಂಬರ್ ಹೇಳುತ್ತಾರೆ, ಎಲ್ಲರೂ ಹಾಡುತ್ತಾರೆ. ಮತ್ತೆ ಮೌನ. ಇನ್ನೊಬ್ಬರು ಎದ್ದು ಸತ್ಯವೇದದ (ಬೈಬಲಿನ) ಒಂದು ಭಾಗ ಓದುತ್ತಾರೆ. ಕೊನೆಗೆ ಯಾರೋ ಒಬ್ಬರು ರೊಟ್ಟಿಗಾಗಿ ಸ್ತೋತ್ರ ಹೇಳಿ ಅದನ್ನು ಮುರಿಯುತ್ತಾರೆ. ಅವರು ಆಟೋ ಓಡಿಸುವವರಿರಬಹುದು, ಬ್ಯಾಂಕಿನಲ್ಲಿ ಕೆಲಸ ಮಾಡುವವರಿರಬಹುದು.

ನಿಮ್ಮ ಪ್ರಶ್ನೆಯ ಬೇರು ಇರುವುದು ಈ ರೊಟ್ಟಿಯಲ್ಲೇ. ಅದನ್ನು ಮುರಿಯುವ ಹಕ್ಕು ಯಾರದ್ದು?

1820ರ ದಶಕದಲ್ಲಿ ಇಂಗ್ಲೆಂಡಿನ ಎಕ್ಸಿಟರ್ ಊರಿನಲ್ಲಿ ಆಂಟನಿ ನಾರಿಸ್ ಗ್ರೋವ್ಸ್ ಅನ್ನುವ ಹಲ್ಲಿನ ಡಾಕ್ಟರ್ ಇದ್ದರು. ಒಳ್ಳೆ ಸಂಪಾದನೆ ಇತ್ತು. ಅದನ್ನು ಬಿಟ್ಟು ಮಿಷನರಿಯಾಗಲು ಹೊರಟರು. ಗುರುದೀಕ್ಷೆ, ಅಂದರೆ ಪಾದ್ರಿ ಪಟ್ಟ, ಇಲ್ಲದೆಯೇ ಹೋಗುತ್ತೇನೆ ಅಂತ ಮಿಷನರಿಗಳನ್ನು ಕಳಿಸುವ ಚರ್ಚ್ ಮಿಷನರಿ ಸೊಸೈಟಿಯನ್ನು ಕೇಳಿದರು. ಸುವಾರ್ತೆ ಸಾರಬಹುದು, ಆದರೆ ಕರ್ತನ ಭೋಜನವನ್ನು (ಅದೇ ರೊಟ್ಟಿ, ದ್ರಾಕ್ಷಾರಸವನ್ನು) ಬಡಿಸುವಂತಿಲ್ಲ, ಅದಕ್ಕೆ ದೀಕ್ಷೆ ಪಡೆದ ಪಾದ್ರಿಯೇ ಬೇಕು ಅನ್ನುವ ಉತ್ತರ ಬಂತು. ಗ್ರೋವ್ಸ್ ಸತ್ಯವೇದದಲ್ಲಿ ಹುಡುಕಿದರು. ಹಾಗಂತ ಎಲ್ಲೂ ಬರೆದಿರಲಿಲ್ಲ. ಅದೇ ಹೊತ್ತಿಗೆ ಡಬ್ಲಿನ್‌ನಲ್ಲಿ ಎಡ್ವರ್ಡ್ ಕ್ರೋನಿನ್, ಜಾನ್ ನೆಲ್ಸನ್ ಡಾರ್ಬಿ ಮುಂತಾದವರು ಪಾದ್ರಿ ಇಲ್ಲದೆ ಸೇರಿ ರೊಟ್ಟಿ ಮುರಿಯತೊಡಗಿದ್ದರು. ‘ಪ್ಲಿಮತ್ ಬ್ರದರನ್’ ಅನ್ನುವುದು ಆಮೇಲೆ ಹೊರಗಿನವರು ಇಟ್ಟ ಹೆಸರು. ಪ್ಲಿಮತ್ ಊರಿನ ಸಭೆ ಆಗ ದೊಡ್ಡದಾಗಿ ಬೆಳೆದಿತ್ತು. ಅವರು ತಮ್ಮನ್ನು ಸುಮ್ನೆ ‘ಸಹೋದರರು’ ಅಂದುಕೊಳ್ಳುತ್ತಿದ್ದರು.

ಯಾಜಕತ್ವ, ಅಂದರೆ ಪುರೋಹಿತನ ಸ್ಥಾನ, ಒಬ್ಬ ಗುರುವಿನದ್ದಲ್ಲ, ನಂಬಿದ ಎಲ್ಲರದ್ದೂ ಅನ್ನುವುದು ಅವರ ನಂಬಿಕೆ. ಅದಕ್ಕೆ ಸತ್ಯವೇದದಲ್ಲಿರುವ ಪೇತ್ರನ ಮೊದಲ ಪತ್ರದ ಎರಡನೇ ಅಧ್ಯಾಯವನ್ನು ತೋರಿಸುತ್ತಾರೆ.

ಗ್ರೋವ್ಸ್ 1829ರಲ್ಲಿ ಬಾಗ್ದಾದ್‌ಗೆ ಹೊರಟರು. 1831ರ ಪ್ಲೇಗಿನಲ್ಲಿ ಹೆಂಡತಿ ಮೇರಿಯನ್ನು ಅಲ್ಲೇ ಕಳೆದುಕೊಂಡರು. 1833ರಲ್ಲಿ ಭಾರತಕ್ಕೆ ಬಂದರು. ಆಗ ದಕ್ಷಿಣದ ಮಿಷನ್‌ಗಳಲ್ಲಿ ದೀಕ್ಷೆ ಇಲ್ಲದ ಭಾರತೀಯ ಉಪದೇಶಕರು ಕರ್ತನ ಭೋಜನ ನಡೆಸುವಂತಿರಲಿಲ್ಲ. ಗ್ರೋವ್ಸ್ ಜೊತೆಗಿದ್ದ ತಮಿಳಿನ ಅರುಳಪ್ಪನ್ ತಮ್ಮ ಜನರೊಂದಿಗೆ ಕೂತು ರೊಟ್ಟಿ ಮುರಿದಾಗ ದೊಡ್ಡ ಗದ್ದಲವೇ ಆಯಿತು. ಈ ಚಳವಳಿಯ ಕಥೆಯಲ್ಲಿ ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಇದೇ. ಕಂಪನಿ ಆಳ್ವಿಕೆಯ ಕಾಲ ಅದು. ದೊರೆಗಳ ಒಪ್ಪಿಗೆ ಕೇಳದೆ ತಮಿಳಿನವರೊಬ್ಬರು ಆ ಮೇಜಿಗೆ ಕೈಯಿಟ್ಟರು, ಅಲ್ವಾ? 1836ರಲ್ಲಿ ಗ್ರೋವ್ಸ್ ಜೊತೆ ಬಂದ ವಿಲಿಯಂ ಬೌಡನ್ ಮತ್ತು ಜಾರ್ಜ್ ಬಿಯರ್ ಕುಟುಂಬಗಳು ಗೋದಾವರಿ ತೀರದ ನರಸಾಪುರದಲ್ಲಿ ನೆಲೆಸಿದವು. ತೆಲುಗು ನಾಡಿನಲ್ಲಿ ಈ ಸಭೆಗಳು ಬೇರೂರಿದ್ದು ಹಾಗೆ.

ಪಾಸ್ಟರ್ ಇಲ್ಲ ಅಂದರೆ ಹೇಳೋರು ಕೇಳೋರು ಇಲ್ಲ ಅಂತಲ್ಲ. ಪ್ರತಿ ಸಭೆಗೂ ಹಿರಿಯರಿರುತ್ತಾರೆ, ಅದೂ ಒಬ್ಬರಲ್ಲ, ಹಲವರು. ದೀಕ್ಷಾಸ್ನಾನ (ಬ್ಯಾಪ್ಟಿಸಂ) ಯಾರಿಗೆ, ರೋಗಿಗಳನ್ನು ಯಾರು ನೋಡಿ ಬರಬೇಕು, ಇದೆಲ್ಲ ಅವರ ಹೊಣೆ. ದೀಕ್ಷಾಸ್ನಾನ ಕೂಸುಗಳಿಗಲ್ಲ, ತಾನೇ ನಂಬಿ ಬಂದವರಿಗೆ, ನೀರಿನಲ್ಲಿ ಪೂರ್ತಿ ಮುಳುಗಿಸಿ. ಪೂರ್ಣಾವಧಿ ಸೇವಕರು ಇದ್ದರೂ ಅವರಿಗೆ ಗೊತ್ತುಪಡಿಸಿದ ಸಂಬಳ ಇರುವುದಿಲ್ಲ. ಗ್ರೋವ್ಸ್ ಅವರ ತಂಗಿಯ ಗಂಡ ಜಾರ್ಜ್ ಮುಲ್ಲರ್ ಬ್ರಿಸ್ಟಲ್‌ನಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದ್ದು ಹಾಗೆಯೇ, ಯಾರ ಹತ್ತಿರವೂ ಬಾಯಿಬಿಟ್ಟು ಹಣ ಕೇಳದೆ.

ನನ್ನ ತಕರಾರನ್ನೂ ಹೇಳಿಬಿಡುತ್ತೇನೆ. ಹೆಚ್ಚಿನ ಸಭೆಗಳಲ್ಲಿ ಹೆಂಗಸರು ತಲೆಗೆ ಸೆರಗು ಹೊದ್ದು ಕೂರುತ್ತಾರೆ, ಹಾಡುತ್ತಾರೆ, ಆದರೆ ಎದ್ದು ಪ್ರಾರ್ಥಿಸುವುದಿಲ್ಲ, ಬೋಧಿಸುವುದಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಪ್ರಕಾರ ಇದು ಸರಿ ಅನ್ನುತ್ತಾರೆ. ಎಲ್ಲರೂ ಯಾಜಕರು ಅಂದ ಮೇಲೆ ಅರ್ಧ ಜನ ಸುಮ್ಮನಿರಬೇಕು ಅನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಜಗಳ ಬಂದರೆ ತೀರಿಸುವ ದೊಡ್ಡ ಪೀಠವೂ ಇಲ್ಲಿಲ್ಲ. 1848ರಲ್ಲಿ ಡಾರ್ಬಿ ಕಡೆಯವರು ಮುಲ್ಲರ್ ಇದ್ದ ಸಭೆಯ ಜೊತೆ ಸಂಬಂಧ ಕಡಿದುಕೊಂಡರು. ಅಂದಿನಿಂದ ಡಾರ್ಬಿ ಕಡೆಯವರದು ‘ಎಕ್ಸ್‌ಕ್ಲೂಸಿವ್’, ಮುಲ್ಲರ್ ಕಡೆಯವರದು ‘ಓಪನ್’ ಅಂತ ಎರಡು ಕವಲು. ಅದಕ್ಕೆ 12 ವರ್ಷ ಮೊದಲೇ ಗ್ರೋವ್ಸ್ ಡಾರ್ಬಿಗೆ ಕಾಗದ ಬರೆದು ಎಚ್ಚರಿಸಿದ್ದರು. ಬೇರೆ ಕ್ರೈಸ್ತರ ಒಳ್ಳೆಯತನದಿಂದ ದೂರವಾಗುವುದಕ್ಕಿಂತ ಅವರ ತಪ್ಪುಗಳನ್ನು ಸಹಿಸಿಕೊಳ್ಳುವುದೇ ನನಗೆ ಎಷ್ಟೋ ಮೇಲು ಅಂದಿದ್ದರು. ಆ ಮಾತು ಆಗ ನಡೆಯಲಿಲ್ಲ.

ಇನ್ನು ನೀವು ಹೋಗುವ ವಿಷಯ. ಹಿಂದಿನ ಸಾಲಿನಲ್ಲಿ ನಿಮಗೆ ಕುರ್ಚಿ ಕೊಡಬಹುದು, ಬೇಜಾರು ಮಾಡಿಕೊಳ್ಳಬೇಡಿ. ರೊಟ್ಟಿ ತೆಗೆದುಕೊಳ್ಳುವುದು ಆ ಸಹವಾಸದಲ್ಲಿರುವವರು ಮಾತ್ರ. ಬೇರೆ ಊರಿನ ಬ್ರದರನ್ ವಿಶ್ವಾಸಿಯೂ ತನ್ನ ಸಭೆಯಿಂದ ಪರಿಚಯದ ಪತ್ರ ತರುವ ರೂಢಿ ಇದೆ. ತಟ್ಟೆ ನಿಮ್ಮ ಹತ್ತಿರ ಬಂದರೆ ಪಕ್ಕದವರಿಗೆ ದಾಟಿಸಿ. ಕಾಣಿಕೆಯನ್ನೂ ನಿಮ್ಮಿಂದ ಬಯಸುವುದಿಲ್ಲ. ಮೌನ ಉದ್ದವಾದರೆ ಗಾಬರಿ ಬೇಡ, ಯಾರಾದರೊಬ್ಬರು ಹಾಡಿನ ನಂಬರ್ ಹೇಳುತ್ತಾರೆ.