ಅಮೆರಿಕದ ಗ್ರಾಮೀಣ ಸುತ್ತುನಿಧಿ: ಸಾಲ ಕೊಡುವವರು ಬರೆದಿಡಬೇಕಾದ ಕಾರಣಗಳು

ಸುತ್ತುನಿಧಿ ಎಂದೊಡನೆ ಕನ್ನಡ ಓದುಗರಿಗೆ ನೆನಪಾಗುವುದು ಸ್ವಸಹಾಯ ಸಂಘ. ಒಬ್ಬ ಸದಸ್ಯೆ ಮರಳಿಸಿದ ಹಣವೇ ಅಲ್ಲಿ ಇನ್ನೊಬ್ಬಳಿಗೆ ಸಾಲವಾಗಿ ಹೋಗುತ್ತದೆ. ಅಮೆರಿಕದ ಸಣ್ಣ ಪಟ್ಟಣಗಳಲ್ಲಿಯೂ ಇದೇ ತತ್ವದ ನಿಧಿಗಳಿವೆ. ಅವುಗಳ ಮೂಲಧನದಲ್ಲಿ ಹೆಚ್ಚಿನ ಪಾಲು ಅಲ್ಲಿನ ಕೇಂದ್ರ ಸರ್ಕಾರದ್ದು. ಇವುಗಳಲ್ಲಿ ಮುಖ್ಯವಾದದ್ದು ಕೃಷಿ ಇಲಾಖೆಯ ಮಧ್ಯವರ್ತಿ ಮರುಸಾಲ ಯೋಜನೆ. ಇಲಾಖೆಯು ಲಾಭರಹಿತ ಸಂಸ್ಥೆಗಳು, ಸ್ಥಳೀಯಾಡಳಿತಗಳು, ಸಹಕಾರಿಗಳು ಮತ್ತು ಮೂಲನಿವಾಸಿ ಬುಡಕಟ್ಟುಗಳಿಗೆ ಶೇ. 1ರ ಬಡ್ಡಿಯಲ್ಲಿ, 30 ವರ್ಷಗಳವರೆಗಿನ ಅವಧಿಗೆ ಹಣ ಕೊಡುತ್ತದೆ. ಆ ಸಂಸ್ಥೆಗಳು ಅದನ್ನು ತಮ್ಮ ಸೀಮೆಯ ಬೇಕರಿ, ಗ್ಯಾರೇಜು, ಮಾಂಸ ಸಂಸ್ಕರಣಾ ಘಟಕದಂಥ ಉದ್ದಿಮೆಗಳಿಗೆ ಸಾಲವಾಗಿ ನೀಡುತ್ತವೆ. ಎರಡು ಬಡ್ಡಿದರಗಳ ನಡುವಿನ ಅಂತರದಿಂದ ಆಡಳಿತ ವೆಚ್ಚ ತುಂಬಬೇಕು, ವಸೂಲಾಗದ ಸಾಲಕ್ಕೆ ಮೀಸಲೂ ಇಡಬೇಕು.

ಈ ಯೋಜನೆಯ ಒಂದು ಷರತ್ತನ್ನು ಮೊದಲು ಗಮನಿಸಬೇಕು. ಸಮಂಜಸವಾದ ದರ ಮತ್ತು ಷರತ್ತುಗಳಲ್ಲಿ ಬೇರೆಡೆ ಸಾಲ ದೊರೆಯದವರಿಗೆ ಮಾತ್ರ ಈ ಹಣ ಸಲ್ಲಬೇಕು. ಅಂದರೆ ನಮ್ಮ ಮುಂದೆ ಬಂದು ಕೂರುವ ಅರ್ಜಿದಾರರನ್ನು ಬ್ಯಾಂಕು ಈಗಾಗಲೇ ಹಿಂದಕ್ಕೆ ಕಳಿಸಿರುತ್ತದೆ, ಇಲ್ಲವೇ ಕಳಿಸುವ ಸಂಭವವಿರುತ್ತದೆ. ಬ್ಯಾಂಕಿನ ಅಳತೆಗೋಲನ್ನೇ ತಂದು ಮತ್ತೊಮ್ಮೆ ಅಳೆದರೆ ನಿಧಿಯ ಉದ್ದೇಶವೇ ಸೋಲುತ್ತದೆ. ಅಳತೆಯನ್ನೇ ಬಿಟ್ಟರೆ ನಿಧಿ ಒಂದೆರಡು ಸುತ್ತಿನಲ್ಲಿ ಬರಿದಾಗುತ್ತದೆ. ಆದ್ದರಿಂದ ಇಲ್ಲಿ ಸಾಲದ ತೀರ್ಮಾನವು ಬಹುಮಟ್ಟಿಗೆ ವಿವೇಚನೆಯನ್ನೇ ಅವಲಂಬಿಸಿದೆ, ಮತ್ತು ವಿವೇಚನೆ ಇರುವಲ್ಲಿಯೇ ತಾರತಮ್ಯ ಸದ್ದಿಲ್ಲದೆ ನುಸುಳುತ್ತದೆ. ನನ್ನ ಅನುಭವದಲ್ಲಿ ಅದು ಸಾಲ ಸಮಿತಿಯ ಮತದಾನದಲ್ಲಿ ಕಾಣಿಸುವುದು ಅಪರೂಪ. ಅರ್ಜಿ ಮೇಜಿನ ಮೇಲೆ ಎಷ್ಟು ದಿನ ಉಳಿಯಿತು, ಯಾರಿಂದ ಯಾವ ಹೆಚ್ಚುವರಿ ಕಾಗದ ಕೇಳಲಾಯಿತು, ಕಂತು ತಪ್ಪಿದಾಗ ಯಾರಿಗೆ ಸಮಯ ಸಿಕ್ಕಿತು ಎಂಬಲ್ಲಿ ಅದು ಅಡಗಿರುತ್ತದೆ.

ವಿಳಂಬವೂ ತಾರತಮ್ಯವೇ ಎಂಬುದಕ್ಕೆ ಕೃಷಿ ಇಲಾಖೆಯ ಚರಿತ್ರೆಯೇ ಸಾಕ್ಷಿ. 1997ರಲ್ಲಿ ಕಪ್ಪು ವರ್ಣೀಯ ರೈತರು ಹೂಡಿದ ಪಿಗ್‌ಫರ್ಡ್ ದಾವೆ ಮರುಸಾಲ ಯೋಜನೆಗೆ ಸಂಬಂಧಿಸಿದ್ದಲ್ಲ, ಇಲಾಖೆಯ ಕೃಷಿ ಸಾಲಗಳಿಗೆ ಸಂಬಂಧಿಸಿದ್ದು. ಅರ್ಜಿಗಳನ್ನು ನಿರಾಕರಿಸಿದ್ದಷ್ಟೇ ಅವರ ದೂರಾಗಿರಲಿಲ್ಲ. ಬಿತ್ತನೆಯ ಹದ ಮುಗಿಯುವವರೆಗೆ ತಡೆಹಿಡಿದು, ಆಮೇಲೆ ಬಂದ ಸಾಲದಿಂದ ಪ್ರಯೋಜನವೇ ಇಲ್ಲದಂತೆ ಮಾಡಲಾಯಿತು ಎಂಬುದೂ ಆಗಿತ್ತು. 1983ರಲ್ಲಿ ಇಲಾಖೆಯ ನಾಗರಿಕ ಹಕ್ಕುಗಳ ತನಿಖಾ ವ್ಯವಸ್ಥೆಯನ್ನೇ ಕಳಚಿಹಾಕಿದ್ದರಿಂದ ದೂರುಗಳನ್ನು ಕೇಳುವವರೂ ಇರಲಿಲ್ಲ. 1999ರಲ್ಲಿ ನ್ಯಾಯಾಲಯ ರಾಜಿ ತೀರ್ಪಿಗೆ ಒಪ್ಪಿಗೆ ನೀಡಿತು. 2010ರಲ್ಲಿ ಉಳಿದ ದೂರುದಾರರಿಗಾಗಿ 125 ಕೋಟಿ ಡಾಲರ್‌ಗಳ ಎರಡನೆಯ ಒಪ್ಪಂದವಾಯಿತು. ಅದೇ ವರ್ಷ ಮೂಲನಿವಾಸಿ ರೈತರ ಕೀಪ್ಸೀಗಲ್ ದಾವೆ 76 ಕೋಟಿ ಡಾಲರ್‌ಗಳಿಗೆ ಇತ್ಯರ್ಥವಾಯಿತು.

ಗ್ರಾಮೀಣ ನಿಧಿ ನಡೆಸುವವರು ಮುಖ್ಯವಾಗಿ ಎರಡು ಬಗೆಯ ಕಾನೂನುಗಳಿಗೆ ಉತ್ತರ ಕೊಡಬೇಕು. ಕೇಂದ್ರದ ನೆರವು ಪಡೆದವರು ಜನಾಂಗ, ಬಣ್ಣ, ಮೂಲದೇಶಗಳ ಆಧಾರದ ಮೇಲೆ ತಾರತಮ್ಯ ಮಾಡಬಾರದೆಂದು 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೆಯ ಅಧ್ಯಾಯ ಹೇಳುತ್ತದೆ. ಅಂಗವೈಕಲ್ಯ ಮತ್ತು ವಯಸ್ಸಿನ ಕುರಿತು 1973 ಮತ್ತು 1975ರ ಕಾಯ್ದೆಗಳಿವೆ. ಇನ್ನೊಂದು, ಸರ್ಕಾರದ ಹಣವಿರಲಿ ಬಿಡಲಿ, ಸಾಲ ಕೊಡುವ ಎಲ್ಲರನ್ನೂ ಕಟ್ಟಿಹಾಕುವ 1974ರ ಸಮಾನ ಸಾಲಾವಕಾಶ ಕಾಯ್ದೆ. ಲಿಂಗ ಮತ್ತು ವೈವಾಹಿಕ ಸ್ಥಿತಿಗೆ ಸೀಮಿತವಾಗಿದ್ದ ಇದರ ವ್ಯಾಪ್ತಿಗೆ 1976ರಲ್ಲಿ ಜನಾಂಗ, ಧರ್ಮ, ವಯಸ್ಸು, ಸರ್ಕಾರಿ ನೆರವಿನ ಆದಾಯ ಮೊದಲಾದವು ಸೇರಿದವು.

ದಿನನಿತ್ಯದ ಕೆಲಸದಲ್ಲಿ ಈ ಎರಡನೆಯ ಕಾಯ್ದೆಯೇ ಹೆಚ್ಚು ಎದುರಾಗುತ್ತದೆ. ಪೂರ್ಣ ಅರ್ಜಿ ಕೈಸೇರಿದ 30 ದಿನಗಳೊಳಗೆ ತೀರ್ಮಾನ ತಿಳಿಸಬೇಕು. ಅರ್ಜಿ ಅಪೂರ್ಣವಾಗಿದ್ದರೆ ಯಾವ ಕಾಗದ ಬೇಕು, ಯಾವ ದಿನದೊಳಗೆ ಬೇಕು ಎಂದು ಬರೆದು ತಿಳಿಸಬಹುದು. ‘ನೋಡೋಣ’ ಎಂದು ಕಡತವನ್ನು ಬದಿಗಿಡುವಂತಿಲ್ಲ. ನಿರಾಕರಿಸಿದರೆ ಕಾರಣ ನಿರ್ದಿಷ್ಟವಾಗಿರಬೇಕು. ‘ನಮ್ಮ ಆಂತರಿಕ ಮಾನದಂಡಗಳಿಗೆ ಹೊಂದಲಿಲ್ಲ’ ಎಂಬ ವಾಕ್ಯ ಕಾರಣವೆನಿಸುವುದಿಲ್ಲ. ‘ತೋರಿಸಿದ ನಗದು ಹರಿವು ಹಳೆಯ ಮತ್ತು ಹೊಸ ಕಂತುಗಳೆರಡಕ್ಕೂ ಸಾಲದು’ ಎಂಬುದು ಕಾರಣ. ಅದನ್ನು ಓದಿದವರು ಸಾಲದ ಮೊತ್ತ ತಗ್ಗಿಸಿಕೊಂಡೋ ಹಳೆಯ ಸಾಲ ತೀರಿಸಿಕೊಂಡೋ ಮತ್ತೆ ಬರಬಹುದು, ನಿಧಿಗೆ ಒಳ್ಳೆಯ ಸಾಲಗಾರರೊಬ್ಬರು ಸಿಗಬಹುದು. ಅರ್ಜಿ ಸಲ್ಲಿಸುವ ಮುನ್ನವೇ ಫೋನಿನಲ್ಲಿ ‘ನಿಮಗೆ ಇದು ಆಗಲಿಕ್ಕಿಲ್ಲ’ ಎಂದು ಜನಾಂಗ, ಲಿಂಗ ಮೊದಲಾದ ನಿಷೇಧಿತ ಕಾರಣಕ್ಕೆ ಎದೆಗುಂದಿಸುವುದೂ ಉಲ್ಲಂಘನೆಯೇ.

ಜಾಮೀನಿನ ವಿಚಾರವನ್ನು ತುಸು ಬಿಡಿಸಿ ಹೇಳಬೇಕು. ಗಂಡನೋ ಹೆಂಡತಿಯೋ ಸಹಸಾಲಗಾರರಾಗಿ ಸಹಿ ಹಾಕುವುದನ್ನು ಭಾರತದ ಬ್ಯಾಂಕುಗಳಲ್ಲಿ ಕಂಡವರಿಗೆ ಈ ನಿಯಮ ವಿಚಿತ್ರವೆನಿಸಬಹುದು. ವಿವಾಹಿತ ಮಹಿಳೆಯೊಬ್ಬರು ತಮ್ಮ ಬೇಕರಿಗೆ ಒಲೆ ಕೊಳ್ಳಲು 40,000 ಡಾಲರ್ ಕೇಳಿದ್ದಾರೆ ಎಂದಿಟ್ಟುಕೊಳ್ಳಿ. ಅವರ ಸ್ವಂತ ಆದಾಯ ಮತ್ತು ಆಸ್ತಿಯೇ ನಿಧಿಯ ಮಾನದಂಡಕ್ಕೆ ಸಾಕಾಗಿದ್ದರೆ ಪತಿಯ ಸಹಿ ಕೇಳುವಂತಿಲ್ಲ. ಜಂಟಿ ಆಸ್ತಿಯನ್ನು ಅಡಮಾನವಿಟ್ಟಾಗ, ಆ ರಾಜ್ಯದ ಕಾನೂನಿನ ಪ್ರಕಾರ ಅಗತ್ಯವಾದ ಪತ್ರಗಳಿಗೆ ಮಾತ್ರ ಅವರ ಸಹಿ ಪಡೆಯಬಹುದು. ಇನ್ನೊಬ್ಬರ ಜಾಮೀನು ನಿಜಕ್ಕೂ ಬೇಕೆನಿಸಿದರೆ ಯೋಗ್ಯರಾದ ಯಾರನ್ನಾದರೂ ಕರೆತನ್ನಿ ಎನ್ನಬೇಕೇ ಹೊರತು ಪತಿಯೇ ಬರಬೇಕೆನ್ನಬಾರದು. ಸಣ್ಣ ನಿಧಿಗಳಲ್ಲಿ ಯಾವ ದುರುದ್ದೇಶವೂ ಇಲ್ಲದೆ, ಬರೀ ರೂಢಿಯಿಂದ ಮುರಿಯುವ ನಿಯಮವಿದು. ಹಳೆಯ ನಮೂನೆಯಲ್ಲಿ ‘ಸಂಗಾತಿಯ ಸಹಿ’ ಎಂಬ ಖಾಲಿ ಗೆರೆ ಇದ್ದರೆ ಅದನ್ನು ಇಂದೇ ತೆಗೆಯುವುದು ಒಳ್ಳೆಯದು.

ಜನಾಂಗದ ಮಾಹಿತಿಯನ್ನು ಸಾಮಾನ್ಯವಾಗಿ ಕೇಳಬಾರದು. ಆದರೆ ಸರ್ಕಾರಿ ಯೋಜನೆಯ ಮೇಲ್ವಿಚಾರಣೆಗೆ ಅಗತ್ಯವಾದಾಗ ಕೇಳಬಹುದು. ಉತ್ತರಿಸುವುದು ಅರ್ಜಿದಾರರ ಇಚ್ಛೆ, ಮತ್ತು ಆ ಹಾಳೆ ಸಾಲ ಸಮಿತಿಯ ಮುಂದೆ ಹೋಗದಂತೆ ಪ್ರತ್ಯೇಕವಾಗಿರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಇಲಾಖೆಯ ಪರಿಶೀಲಕರು ಬಂದಾಗ ಸೀಮೆಯ ಜನಸಂಖ್ಯೆ, ಅರ್ಜಿ ಹಾಕಿದವರು, ಸಾಲ ಪಡೆದವರು ಎಂಬ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತಾರೆ. ಕಚೇರಿಗೆ ಗಾಲಿಕುರ್ಚಿ ಬರುವಂತಿದೆಯೇ ಎಂದೂ ಕೇಳುತ್ತಾರೆ. ಇಂಗ್ಲಿಷ್ ಬಾರದವರ ನೆರವಿಗೆಂದು 2000ದಲ್ಲಿ ಹೊರಟಿದ್ದ ಅಧ್ಯಕ್ಷೀಯ ಆದೇಶವನ್ನು 2025ರಲ್ಲಿ ರದ್ದುಪಡಿಸಲಾಗಿದೆ. ಮೂಲದೇಶದ ಆಧಾರದ ತಾರತಮ್ಯ ನಿಷೇಧ ಮಾತ್ರ ಕಾಯ್ದೆಯಲ್ಲಿ ಹಾಗೆಯೇ ಇದೆ. ಸ್ಪ್ಯಾನಿಷ್ ಮಾತಾಡುವ ಕುಟುಂಬಗಳು ನೆಲೆಸಿದ ಪಟ್ಟಣದಲ್ಲಿ ಸ್ಪ್ಯಾನಿಷ್ ಕರಪತ್ರ ಹಂಚುವುದನ್ನು ನಿಲ್ಲಿಸಲು ನನಗಂತೂ ಕಾರಣ ಕಾಣುವುದಿಲ್ಲ.

ಸಾಲ ಬಟವಾಡೆಯಾದ ಮೇಲೆ ಈ ಹೊಣೆ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಆದರೆ ಸಮಾನ ಸಾಲಾವಕಾಶ ಕಾಯ್ದೆ ವಸೂಲಿಗೂ ಅನ್ವಯಿಸುತ್ತದೆ. ಸಣ್ಣ ಊರಿನಲ್ಲಿ ಸಮಿತಿಯ ಸದಸ್ಯರಿಗೆ ಎಲ್ಲರೂ ಗೊತ್ತು. ಪರಿಚಿತರು ಎರಡು ಕಂತು ತಪ್ಪಿಸಿದರೆ ಚರ್ಚಿನ ಅಂಗಳದಲ್ಲಿ ಮಾತಾಡಿ ಗಡುವು ವಿಸ್ತರಿಸುತ್ತಾರೆ, ಹೊಸಬರಿಗೆ ವಕೀಲರ ನೋಟಿಸು ಹೋಗುತ್ತದೆ. ಮೊದಲನೆಯದರಿಂದ ಮೀಸಲಿಗೆ ಪೆಟ್ಟು, ಎರಡನೆಯದರಿಂದ ನ್ಯಾಯಕ್ಕೆ ಪೆಟ್ಟು. ಮರುಸಾಲ ಯೋಜನೆಯಲ್ಲಿ ಆ ಮೀಸಲು ಸಾಮಾನ್ಯವಾಗಿ ಬಾಕಿ ಸಾಲದ ಶೇ. 6ರಷ್ಟಿರಬೇಕು, ಬಾಯಿಮಾತಿನ ವಿನಾಯಿತಿಗಳು ಹೆಚ್ಚಿದಂತೆ ಅಪಾಯದಲ್ಲಿರುವ ಸಾಲಗಳು ಲೆಕ್ಕದಲ್ಲಿ ಸುಸ್ಥಿತಿಯಲ್ಲಿರುವಂತೆ ತೋರಿ, ಆ ಶೇ. 6 ಸಾಕೇ ಎಂಬುದೇ ತಿಳಿಯದಾಗುತ್ತದೆ. ಹಾಗಾಗಿ ಕಂತು ತಪ್ಪಿದ ಎಷ್ಟನೆಯ ದಿನ ಫೋನು, ಎಷ್ಟನೆಯ ದಿನ ಪತ್ರ, ಯಾವ ದಾಖಲೆ ನೋಡಿ ಅಸಲಿನ ಕಂತು ಮುಂದೂಡಿಕೆ, ಅದಕ್ಕೆ ಯಾರ ಸಹಿ ಎಂಬುದನ್ನು ಆಡಳಿತ ಮಂಡಳಿ ಮೊದಲೇ ಬರೆದು ಅಂಗೀಕರಿಸಿರಬೇಕು. ಪ್ರತಿ ವಿನಾಯಿತಿಯ ಕಾರಣವೂ ಆಯಾ ಕಡತದಲ್ಲಿ ದಿನಾಂಕದೊಂದಿಗೆ ದಾಖಲಾಗಬೇಕು, ಮತ್ತು ವರ್ಷಕ್ಕೊಮ್ಮೆಯಾದರೂ ಆ ಟಿಪ್ಪಣಿಗಳನ್ನೆಲ್ಲ ಒಟ್ಟಿಗೆ ತೆಗೆದು, ಒಂದೇ ಬಗೆಯ ಸಂಕಷ್ಟಕ್ಕೆ ಒಂದೇ ಬಗೆಯ ಉತ್ತರ ಸಿಕ್ಕಿದೆಯೇ ಎಂದು ಸಾಲ ಮಂಜೂರು ಮಾಡದ ಒಬ್ಬ ಸಿಬ್ಬಂದಿ ಓದಿ ನೋಡಬೇಕು.